ಕಡಲ ಮೇಲೆ ಹೊಟ್ಟೆ ತೊಳಸಿದರೆ: ಮನೆಮದ್ದು ಎಷ್ಟು ಕೆಲಸ ಮಾಡುತ್ತದೆ, ಎಷ್ಟು ಸುರಕ್ಷಿತ? ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಟ ಬೋಟು ದಡ ಬಿಟ್ಟು ಹತ್ತು ನಿಮಿಷ ಆಗಿರುವುದಿಲ್ಲ, ಕೆಲವರ ಮಾತು ನಿಂತುಹೋಗುತ್ತದೆ. ಮೊದಲು ಆಕಳಿಕೆ. ಆಮೇಲೆ ಬಾಯಿ ತುಂಬ ಜೊಲ್ಲು, ಹಣೆಯಲ್ಲಿ ತಣ್ಣನೆ ಬೆವರು. ಮುಖ ಬಿಳುಚಿಕೊಳ್ಳುತ್ತದೆ. ಪಕ್ಕದವರು ಚೀಲದಿಂದ ನಿಂಬೆಹಣ್ಣು ತೆಗೆದುಕೊಡುತ್ತಾರೆ. ಇನ್ನೊಬ್ಬರು ಶುಂಠಿ ಪೆಪ್ಪರಮೆಂಟು ಕೊಡುತ್ತಾರೆ. ಮತ್ತೊಬ್ಬರು "ಕರ್ಪೂರ ಮೂಸಿ" ಅನ್ನುತ್ತಾರೆ. ಎಲ್ಲರದ್ದೂ ಒಳ್ಳೆಯ ಮನಸ್ಸೇ. ಆದರೆ ಇವುಗಳಲ್ಲಿ ಕೆಲವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ, ಕೆಲವು ಸುಮ್ನೆ ಸಮಾಧಾನಕ್ಕೆ, ಒಂದೆರಡು ಅಪಾಯ.

ನಾನು ಕರಾವಳಿಯವಳು. ರಜೆ ಬಂತೆಂದರೆ ಘಟ್ಟದ ಮೇಲಿನಿಂದ ನೆಂಟರು, ಗೆಳತಿಯರು, ಅವರ ಮಕ್ಕಳು ಬರುತ್ತಾರೆ. ಬೋಟು ಹತ್ತುವ ಮುಂಚೆ ಅವರು ಕೇಳುವ ಪ್ರಶ್ನೆಗಳೇ ಇವು.

ಕಡಲ ಮೇಲೆ ವಾಂತಿ ಬರುವುದು ಯಾಕೆ? ಹೊಟ್ಟೆ ಸರಿ ಇಲ್ಲ ಅಂತಲಾ?

ಹೊಟ್ಟೆಯ ತಪ್ಪೇನೂ ಇಲ್ಲ. ಗಲಾಟೆ ಶುರುವಾಗುವುದು ಕಿವಿಯಲ್ಲಿ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಬಾಗಿದ ಕೊಳವೆಗಳಿವೆ. ತಲೆ ಯಾವ ಕಡೆ ತಿರುಗಿತು ಅಂತ ಅವು ಮೆದುಳಿಗೆ ಹೇಳುತ್ತವೆ. ಪಕ್ಕದಲ್ಲೇ ಎರಡು ಪುಟ್ಟ ಚೀಲಗಳಿವೆ, ಅವುಗಳಲ್ಲಿ ಸುಣ್ಣದ ಸಣ್ಣ ಸಣ್ಣ ಹರಳುಗಳು. ಮೇಲೆ ಹೋದೆವಾ, ಕೆಳಗೆ ಇಳಿದೆವಾ, ಮುಂದೆ ಸರಿದೆವಾ ಅನ್ನುವುದು ಅವುಗಳ ವರದಿ. ಬೋಟಿನೊಳಗೆ ಕೂತು ಎದುರಿನ ಸೀಟನ್ನೋ ಮೊಬೈಲನ್ನೋ ನೋಡುತ್ತಿದ್ದರೆ ಕಣ್ಣು "ಎಲ್ಲ ಇದ್ದಲ್ಲೇ ಇದೆ" ಅನ್ನುತ್ತದೆ. ಕಿವಿ "ಇಲ್ಲ, ಏಳುತ್ತಿದ್ದೇವೆ, ಬೀಳುತ್ತಿದ್ದೇವೆ" ಅನ್ನುತ್ತದೆ. ಮೆದುಳಿಗೆ ಯಾರ ಮಾತು ನಂಬಬೇಕೋ ತಿಳಿಯುವುದಿಲ್ಲ. ವಾಕರಿಕೆ ಹುಟ್ಟುವುದು ಆ ಗೊಂದಲದಲ್ಲಿ. ಒಳಗಿವಿಯ ಈ ಭಾಗ ಎರಡೂ ಕಡೆ ಪೂರ್ತಿ ಕೆಲಸ ನಿಲ್ಲಿಸಿರುವವರಿಗೆ ಎಂಥ ಅಲೆಯಲ್ಲೂ ಈ ತೊಂದರೆ ಬರುವುದಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಅಡುಗೆಮನೆಯ ಮದ್ದುಗಳು ಬಹುಪಾಲು ಹೊಟ್ಟೆಯನ್ನು ಸಮಾಧಾನ ಮಾಡುತ್ತವೆ. ಕಿವಿ ಮತ್ತು ಕಣ್ಣಿನ ಜಗಳ ಬಿಡಿಸಲು ಅವುಗಳ ಕೈಲಾಗುವುದಿಲ್ಲ. ಅದಕ್ಕೆ ನೀವು ಎಲ್ಲಿ ಕೂರುತ್ತೀರಿ, ಎತ್ತ ನೋಡುತ್ತೀರಿ ಅನ್ನುವುದು ಮುಖ್ಯ. ಆ ಮಾತು ಮುಂದೆ ಬರುತ್ತದೆ. ದಯವಿಟ್ಟು ಅದನ್ನು ಬಿಟ್ಟು ಶುಂಠಿಯ ಉತ್ತರ ಮಾತ್ರ ಓದಬೇಡಿ.

ನನಗೆ ಆಗುಂಬೆ ಘಾಟಿಯಲ್ಲೂ ಏನೂ ಆಗಿಲ್ಲ. ಬೋಟಿನಲ್ಲೂ ಆಗಲ್ಲ ಅಲ್ವಾ?

ಹಾಗೆ ಹೇಳಲಾಗದು. ಘಾಟಿಯ ತಿರುವಿನ ಓಲಾಟ ಬೇರೆ, ಕಡಲಿನ ಏರಿಳಿತ ಬೇರೆ. ಸುಮಾರು ಐದು ಸೆಕೆಂಡಿಗೊಮ್ಮೆ ಏರಿ ಇಳಿಯುವ ನಿಧಾನದ ಓಲಾಟ ಮನುಷ್ಯರಿಗೆ ಎಲ್ಲಕ್ಕಿಂತ ಜಾಸ್ತಿ ವಾಕರಿಕೆ ತರುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಕಡಲ ಅಲೆಗಳ ಲಯ ಅದಕ್ಕೆ ಹತ್ತಿರ. ಅದಕ್ಕೇ ಬಸ್ಸಿನಲ್ಲಿ ಗಟ್ಟಿಗರಾದವರೂ ಬೋಟಿನಲ್ಲಿ ಮೆತ್ತಗಾಗುತ್ತಾರೆ.

ಯಾರಿಗೆ ಜಾಸ್ತಿ ಬರುತ್ತದೆ?

ಎರಡು ವರ್ಷದೊಳಗಿನ ಕೂಸುಗಳಿಗೆ ಅಪರೂಪ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಜಾಸ್ತಿ. ವಯಸ್ಸಾಗುತ್ತ ಕಡಿಮೆಯಾಗುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು, ಅದರಲ್ಲೂ ಮುಟ್ಟಿನ ದಿನಗಳಲ್ಲಿ ಮತ್ತು ಬಸಿರಿನಲ್ಲಿ. ಮೈಗ್ರೇನ್ ಇರುವವರಿಗೂ ಹಾಗೆಯೇ.

ಇದು ಧೈರ್ಯದ ಪ್ರಶ್ನೆಯಲ್ಲ. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್‌ಗೆ ಬದುಕಿಡೀ ಕಡಲಿನಲ್ಲಿ ವಾಂತಿಯ ಕಾಟ ಇತ್ತು. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದರು. ಅವರನ್ನೂ ಇದು ಬಿಡಲಿಲ್ಲ. ಮಗು ಅಳುತ್ತಿದ್ದರೆ "ಏನೂ ಆಗಿಲ್ಲ ಸುಮ್ನಿರು" ಅನ್ನಬೇಡಿ. ನಿಜವಾಗಿ ಆಗಿರುತ್ತದೆ.

ಶುಂಠಿ ನಿಜಕ್ಕೂ ಕೆಲಸ ಮಾಡುತ್ತದಾ?

ಮನೆಮದ್ದುಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಇದೇ. 1982ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ಒಂದು ವರದಿ ಬಂತು. ಜನರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ನೋಡಿದ್ದರು. ಒಣಶುಂಠಿ ಪುಡಿ ತಿಂದವರು ಪ್ರಯಾಣದ ವಾಂತಿ ತಡೆಯುವ ಡೈಮೆನ್‌ಹೈಡ್ರಿನೇಟ್ ಮಾತ್ರೆ ತಿಂದವರಿಗಿಂತ ಹೆಚ್ಚು ಹೊತ್ತು ತಡೆದುಕೊಂಡರು. 1988ರಲ್ಲಿ ಡೆನ್ಮಾರ್ಕಿನ 80 ನೌಕಾ ಕೆಡೆಟ್‌ಗಳ ಮೇಲೆ ನಿಜವಾದ ಕಡಲಿನಲ್ಲೇ ಪರೀಕ್ಷೆ ಮಾಡಿದರು. ಅವರೆಲ್ಲ ಅಬ್ಬರದ ಕಡಲಿಗೆ ಹೊಸಬರು. ಒಂದು ಗ್ರಾಂ ಶುಂಠಿ ಪುಡಿ ತಿಂದವರಿಗೆ ವಾಂತಿ ಮತ್ತು ತಣ್ಣನೆ ಬೆವರು ಕಡಿಮೆಯಾಯಿತು. ವಾಕರಿಕೆ ಮತ್ತು ತಲೆಸುತ್ತಿನಲ್ಲಿ ಮಾತ್ರ ಅಷ್ಟು ಖಚಿತ ವ್ಯತ್ಯಾಸ ಕಾಣಲಿಲ್ಲ. 1991ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಶುಂಠಿಯಿಂದ ಏನೂ ಪ್ರಯೋಜನ ಕಾಣಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕೆಲವರಿಗೆ ಸ್ವಲ್ಪ ಆರಾಮ ಕೊಡುತ್ತದೆ. ನಿದ್ದೆ ಬರಿಸುವುದಿಲ್ಲ, ಅದು ದೊಡ್ಡ ಅನುಕೂಲ. ಸಣ್ಣ ಪ್ರಯಾಣಕ್ಕೆ ಮೊದಲು ಪ್ರಯತ್ನಿಸಲು ಯೋಗ್ಯ. ಆದರೆ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ 14 ಗಂಟೆಗೂ ಮೀರಿದ ಹಡಗಿನ ಪ್ರಯಾಣ ಮಾಡುವವರು, ಹಿಂದೆ ತುಂಬ ವಾಂತಿ ಮಾಡಿಕೊಂಡವರು, ಶುಂಠಿಯೊಂದನ್ನೇ ನಂಬಿ ಹೊರಡಬೇಡಿ.

ಶುಂಠಿಯನ್ನು ಹೇಗೆ, ಎಷ್ಟು ತೆಗೆದುಕೊಳ್ಳಬೇಕು?

ಬೋಟು ಹತ್ತುವುದಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ. ದೊಡ್ಡವರಿಗೆ ಒಣಶುಂಠಿ ಪುಡಿ ಒಂದು ಗ್ರಾಂ, ಅಂದರೆ ಸುಮಾರು ಅರ್ಧ ಟೀ ಚಮಚ. ಬೆಲ್ಲದ ಜೊತೆ ಉಂಡೆ ಮಾಡಿ ಬಾಯಿಗೆ ಹಾಕಿಕೊಳ್ಳಬಹುದು, ಬಿಸಿನೀರಿಗೆ ಹಾಕಿ ಕುಡಿಯಬಹುದು. ನಾಲ್ಕು ಗಂಟೆ ಬಿಟ್ಟು ಇನ್ನೊಮ್ಮೆ ತೆಗೆದುಕೊಂಡರೆ ಸಾಕು. ಇಡೀ ದಿನಕ್ಕೆ, ಅಡುಗೆಯದ್ದೂ ಸೇರಿ, 4 ಗ್ರಾಂ ದಾಟಬೇಡಿ. ದಾಟಿದರೆ ಎದೆಯುರಿ, ಭೇದಿ ಶುರುವಾಗಿ ಇದ್ದ ಕಷ್ಟದ ಜೊತೆ ಇನ್ನೊಂದು ಸೇರುತ್ತದೆ.

ಹಸಿ ಶುಂಠಿಯೂ ಆಗುತ್ತದೆ. ತೆಳ್ಳಗೆ ಹೆಚ್ಚಿ, ಕಲ್ಲುಪ್ಪು ಸವರಿ, ನಿಂಬೆರಸ ಹಿಂಡಿ ಡಬ್ಬಿಯಲ್ಲಿ ಇಟ್ಟುಕೊಂಡರೆ ಚೂರು ಚೂರು ಅಗಿಯಬಹುದು. ಆದರೆ ಹಸಿಯಲ್ಲಿ ನೀರಿನ ಅಂಶವೇ ಹೆಚ್ಚು, ಆದ್ದರಿಂದ ಒಂದು ಗ್ರಾಂ ಒಣಶುಂಠಿಗೆ ಸಮ ಬರಲು ಹಲವು ಗ್ರಾಂ ಬೇಕು. ಅಂಗಡಿಯ ಶುಂಠಿ ಪೆಪ್ಪರಮೆಂಟಿನಲ್ಲಿ ಬಹಳ ಸಲ ಸಕ್ಕರೆ ಮತ್ತು ಪರಿಮಳವೇ ಇರುತ್ತದೆ. ಪೊಟ್ಟಣದ ಹಿಂದೆ ಓದಿ ನೋಡಿ.

ವಾಂತಿ ಶುರುವಾದ ಮೇಲೆ ಶುಂಠಿ ನುಂಗಿಸಿದರೆ ಅದೂ ಹೊರಗೆ ಬರುತ್ತದೆ. ಮುಂಚೆಯೇ ತೆಗೆದುಕೊಳ್ಳಬೇಕು.

ಶುಂಠಿ ಯಾರಿಗೆ ಆಗುವುದಿಲ್ಲ?

ರಕ್ತ ತೆಳುವಾಗಲು ವಾರ್ಫರಿನ್‌ನಂತಹ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಶುಂಠಿ ಪುಡಿಯನ್ನು ಮದ್ದಿನ ಪ್ರಮಾಣದಲ್ಲಿ ತೆಗೆದುಕೊಳ್ಳಬಾರದು. ಸಾರಿಗೆ ಹಾಕುವ ಚೂರು ಶುಂಠಿಯ ಮಾತು ಬೇರೆ. ಪಿತ್ತಕೋಶದಲ್ಲಿ ಕಲ್ಲಿರುವವರು, ಹುಳಿತೇಗು ಮತ್ತು ಎದೆಯುರಿ ಜಾಸ್ತಿ ಇರುವವರು, ಸದ್ಯದಲ್ಲೇ ಆಪರೇಷನ್ ಇರುವವರು ಕೂಡ ಕೇಳಿಕೊಳ್ಳಿ. ನಮ್ಮ ಕಡೆ ವಯಸ್ಸಾದವರಿಗೇ ಶುಂಠಿ ಕಷಾಯ ಜಾಸ್ತಿ ಕುಡಿಸುತ್ತೇವೆ. ಹೃದಯದ ಮಾತ್ರೆ ತಿನ್ನುವವರೂ ಅವರೇ. ಅದಕ್ಕೆ ಒಂದು ಮಾತು ಕೇಳುವುದು ಒಳ್ಳೆಯದು.

ನಿಂಬೆಹಣ್ಣು ಮೂಸಿದರೆ ನಿಲ್ಲುತ್ತದಾ?

ಘಾಟಿ ಬಸ್ಸಿನಲ್ಲಿ ನಿಂಬೆಹಣ್ಣು ಹಿಡಿದು ಕೂರದ ಮನೆಯೇ ನಮ್ಮಲ್ಲಿಲ್ಲ. ಕಿವಿಯ ಮೇಲೆ ನಿಂಬೆಗೆ ಯಾವ ಹಿಡಿತವೂ ಇಲ್ಲ. ಆದರೆ ಬೋಟಿನಲ್ಲಿ ಡೀಸೆಲ್ ಹೊಗೆ, ಮೀನಿನ ವಾಸನೆ, ಪಕ್ಕದವರ ವಾಂತಿಯ ವಾಸನೆ ಇರುತ್ತದೆ. ಇವು ವಾಕರಿಕೆಯನ್ನು ಕೆರಳಿಸುತ್ತವೆ. ನಿಂಬೆಯ ಪರಿಮಳ ಅದನ್ನು ಮರೆಮಾಡುತ್ತದೆ. ಮೂಸುವಾಗ ಗೊತ್ತಿಲ್ಲದೆಯೇ ಉಸಿರು ನಿಧಾನವಾಗುತ್ತದೆ. ನಿಧಾನವಾಗಿ, ಒಂದೇ ಲಯದಲ್ಲಿ ಉಸಿರಾಡುವುದು ವಾಕರಿಕೆಯನ್ನು ಹಿಡಿದಿಡುತ್ತದೆ ಅಂತ ಪರೀಕ್ಷೆಗಳಲ್ಲೂ ಕಂಡಿದೆ. ಅಪಾಯ ಇಲ್ಲ. ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸಿ. ಬರೀ ಹೊಟ್ಟೆಯಲ್ಲಿ ನಿಂಬೆರಸ ಕುಡಿಯಬೇಡಿ, ಅಷ್ಟೇ.

ಪುದೀನ, ಜೀರಿಗೆ, ಏಲಕ್ಕಿ, ಓಮ?

ಬಾಯಿಗೆ ಹಿತ, ಹೊಟ್ಟೆಯ ಗಾಳಿಗೆ ಹಿತ. ಕಡಲ ವಾಂತಿಯನ್ನು ತಡೆಯುತ್ತವೆ ಅನ್ನಲು ಗಟ್ಟಿ ಆಧಾರ ಇಲ್ಲ. ಒಂದು ಏಲಕ್ಕಿ ಅಗಿಯುವುದರಿಂದ ಯಾರಿಗೂ ಕೇಡಿಲ್ಲ. ಹುಳಿತೇಗು ಇರುವವರಿಗೆ ಪುದೀನ ಎದೆಯುರಿ ಹೆಚ್ಚಿಸಬಹುದು. ಜೇಷ್ಠಮಧು ಅಗಿಯುವ ಅಭ್ಯಾಸ ಇದ್ದರೆ ಗಮನ ಇರಲಿ. ಜಾಸ್ತಿ ತಿಂದರೆ ಅದು ಬಿಪಿ ಏರಿಸುತ್ತದೆ, ಮೈಯಲ್ಲಿನ ಪೊಟ್ಯಾಸಿಯಂ ಇಳಿಸುತ್ತದೆ. ವಾಂತಿಯಿಂದಲೂ ಪೊಟ್ಯಾಸಿಯಂ ಕಳೆದುಹೋಗುತ್ತದೆ. ಎರಡೂ ಸೇರುವುದು ಬೇಡ.

ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಆ ದಿನ ಬಿಡಿ. ಹೊಗೆಸೊಪ್ಪೇ ವಾಕರಿಕೆ ತರುತ್ತದೆ. ಸಿಗರೇಟು, ಹಿಂದಿನ ರಾತ್ರಿಯ ಕುಡಿತ ಕೂಡ.

ಕರ್ಪೂರ ಅಥವಾ ನೀಲಗಿರಿ ಎಣ್ಣೆ ಮೂಸಿಸಬಹುದಾ?

ಈ ಪ್ರಶ್ನೆಗೆ ನನಗೆ ಸ್ವಲ್ಪ ಭಯವೇ ಇದೆ. ದೊಡ್ಡವರು ಕರವಸ್ತ್ರಕ್ಕೆ ಒಂದು ಹನಿ ನೀಲಗಿರಿ ಎಣ್ಣೆ ಹಾಕಿ ದೂರದಿಂದ ಮೂಸಿದರೆ ತೊಂದರೆಯಿಲ್ಲ. ಮಕ್ಕಳ ವಿಷಯ ಬೇರೆ. ಕರ್ಪೂರ ಹೊಟ್ಟೆಗೆ ಹೋದರೆ ವಿಷ. ಪುಟ್ಟ ಮಗುವಿಗೆ ಚೂರು ಪ್ರಮಾಣವೂ ಸಾಕು, ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆ ಕುಡಿದರೂ ಹಾಗೆಯೇ. ಬೋಟಿನಲ್ಲಿ ಮಗುವಿನ ಕೈಗೆ ಕರ್ಪೂರದ ಬಿಲ್ಲೆ ಕೊಟ್ಟು "ಮೂಸ್ತಾ ಇರು" ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿಳಿ ಬಿಲ್ಲೆ, ನೋಡಲು ಪೆಪ್ಪರಮೆಂಟಿನ ಹಾಗೆಯೇ ಇರುತ್ತದೆ. ದಯವಿಟ್ಟು ಕೊಡಬೇಡಿ. ಎರಡು ವರ್ಷದೊಳಗಿನ ಮಕ್ಕಳ ಮೂಗಿನ ಹತ್ತಿರ ಕರ್ಪೂರ, ಮೆಂಥಾಲ್ ಇರುವ ಮುಲಾಮನ್ನೂ ಹಚ್ಚಬೇಡಿ. ಉಸಿರಿಗೆ ತೊಂದರೆಯಾಗಬಹುದು.

ಮಗು ಅಕಸ್ಮಾತ್ ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ. ಬೋಟಿನವರಿಗೆ ಕೂಡಲೇ ಹೇಳಿ, ದಡಕ್ಕೆ ತಿರುಗಿಸಿ, ಆಸ್ಪತ್ರೆಗೆ ಓಡಿ. ಪೊಟ್ಟಣ ಜೊತೆಗಿರಲಿ.

ಮಣಿಕಟ್ಟಿಗೆ ಕಟ್ಟುವ ಪಟ್ಟಿ ಉಪಯೋಗವಾ?

ಗುಂಡಿ ಇರುವ ಎಲಾಸ್ಟಿಕ್ ಪಟ್ಟಿ ಅದು. ಚೀನೀ ಪದ್ಧತಿಯಲ್ಲಿ ನೈಗುವಾನ್ ಅನ್ನುವ ಜಾಗವನ್ನು ಒತ್ತುತ್ತದೆ. ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೂರು ಬೆರಳಗಲ ಮೊಣಕೈ ಕಡೆಗೆ ಅಳೆಯಿರಿ. ಎರಡು ನರದಂತೆ ಎದ್ದು ಕಾಣುವ ಕಂಡರಗಳ ನಡುವೆ ಆ ಜಾಗ ಇದೆ. ಆಪರೇಷನ್ ನಂತರದ ವಾಕರಿಕೆಗೆ ಇದರಿಂದ ಉಪಯೋಗ ಇದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಸಿಕ್ಕಿದೆ. ಕಡಲ ವಾಂತಿಯ ವಿಷಯದಲ್ಲಿ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಅಪಾಯವಿಲ್ಲ, ಬೇರೆ ಮದ್ದಿನ ಜೊತೆ ತಕರಾರಿಲ್ಲ. ಬಸುರಿಯರೂ ಕಟ್ಟಿಕೊಳ್ಳಬಹುದು. ಕೈ ಜೋಮು ಹಿಡಿಯುವಷ್ಟು ಬಿಗಿ ಬೇಡ.

ಗಿಡಮೂಲಿಕೆ ಅಂದ ಮೇಲೆ ಅಡ್ಡಪರಿಣಾಮ ಇರುವುದಿಲ್ಲ ತಾನೇ?

ಉಮ್ಮತ್ತಿ ಗಿಡ ನೋಡಿದ್ದೀರಲ್ಲ, ಬೇಲಿ ಪಕ್ಕ ಮುಳ್ಳುಕಾಯಿ ಬಿಡುತ್ತದೆ. ಕಡಲ ವಾಂತಿಗೆ ಇವತ್ತು ಲೋಕದಲ್ಲಿ ಸಿಗುವ ಬಹಳ ಪ್ರಬಲ ಔಷಧಿಗಳಲ್ಲಿ ಒಂದಾದ ಸ್ಕೋಪೊಲಮೈನ್ ಅದೇ ಜಾತಿಯ ಗಿಡಗಳಲ್ಲಿ ಇರುವ ವಸ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾದ ದುಬೊಯಿಸಿಯಾ ಅನ್ನುವ ಮರದ ಎಲೆಯಿಂದ ಇದನ್ನು ತೆಗೆದು ಹಡಗಿನಲ್ಲಿ ಹೋಗುವ ಸೈನಿಕರ ಮಾತ್ರೆಗೆ ಬಳಸಿದರು. ವಿದೇಶದ ಪ್ರವಾಸಿಗರು ಕಿವಿಯ ಹಿಂದೆ ಅಂಟಿಸಿಕೊಳ್ಳುವ ಪುಟ್ಟ ಪಟ್ಟಿಯಲ್ಲೂ ಇದೇ ಇರುತ್ತದೆ, ಮೂರು ದಿನಕ್ಕೆ ಒಂದು. ಆ ಪಟ್ಟಿಯಲ್ಲಿ ಇರುವುದು ಒಟ್ಟು ಒಂದೆರಡು ಮಿಲಿಗ್ರಾಂ ಮಾತ್ರ. ಅಷ್ಟಕ್ಕೇ ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ವಯಸ್ಸಾದವರಿಗೆ ಗೊಂದಲ ಹಿಡಿಯಬಹುದು. ಗ್ಲಾಕೋಮಾ ಇರುವವರು ಮುಟ್ಟುವಂತಿಲ್ಲ.

ಈಗ ಯೋಚಿಸಿ. ಉಮ್ಮತ್ತಿಯ ಒಂದು ಕಾಯಿಯಲ್ಲಿ ಎಷ್ಟಿದೆ, ಪಕ್ಕದ ಕಾಯಿಯಲ್ಲಿ ಎಷ್ಟಿದೆ ಅಂತ ಯಾರೂ ಹೇಳಲಾರರು. ಅದರ ಬೀಜ ತಿಂದು ಬುದ್ಧಿ ಭ್ರಮಣೆಯಾದವರು, ಸತ್ತವರು ಇದ್ದಾರೆ. ಯಾರಾದರೂ "ಇದರ ಎಲೆ ಕಟ್ಟಿ, ಬೀಜ ಅರೆದು ಕೊಡಿ" ಅಂದರೆ ಅಲ್ಲಿಗೇ ನಿಲ್ಲಿಸಿ. ಗಿಡದಿಂದ ಬಂದದ್ದು ಅನ್ನುವ ಒಂದೇ ಕಾರಣಕ್ಕೆ ಯಾವುದೂ ಸೌಮ್ಯ ಆಗುವುದಿಲ್ಲ. ಎಷ್ಟು, ಯಾರಿಗೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹೋಮಿಯೋಪತಿಯ ಕಾಕ್ಯುಲಸ್?

ಕಾಕ್ಯುಲಸ್ ಅಂದರೆ ನಮ್ಮ ಕಾಕಮಾರಿ. ಇದರ ಕಾಯಿ ಅರೆದು ಹೊಳೆಗೆ ಹಾಕಿ ಮೀನಿಗೆ ಅಮಲು ಬರಿಸಿ ಹಿಡಿಯುವ ಹಳೆಯ ರೂಢಿ ಇದೆ. ಕಾಯಿಯಲ್ಲಿ ಪಿಕ್ರೊಟಾಕ್ಸಿನ್ ಅನ್ನುವ ವಿಷ ಇದೆ, ಅದು ಫಿಟ್ಸ್ ತರಿಸುತ್ತದೆ. ಹೋಮಿಯೋಪತಿಯಲ್ಲಿ ಇದನ್ನು ಎಷ್ಟು ಸಲ ತೆಳು ಮಾಡುತ್ತಾರೆ ಅಂದರೆ, ಹೆಚ್ಚಿನ ಪೊಟೆನ್ಸಿಯ, ಅಂದರೆ ಹೆಚ್ಚು ಸಲ ತೆಳು ಮಾಡಿದ, ಗುಳಿಗೆಯಲ್ಲಿ ಮೂಲ ವಸ್ತು ಉಳಿದೇ ಇರುವುದಿಲ್ಲ. ಹಾಗಾಗಿ ಗುಳಿಗೆಯಿಂದ ಕೇಡಾಗುವುದು ಕಷ್ಟ, ಕಡಲ ವಾಂತಿ ನಿಲ್ಲುತ್ತದೆ ಅನ್ನಲು ಭರವಸೆಯ ಆಧಾರವೂ ಇಲ್ಲ. ಕಚ್ಚಾ ಕಾಯಿಯನ್ನಂತೂ ಬಾಯಿಗೆ ಹಾಕಬಾರದು.

ಚೂರ್ಣ, ಕಷಾಯ ಪುಡಿ ವಿದೇಶಕ್ಕೆ ಒಯ್ಯಬಹುದಾ?

ಎರಡು ಎಚ್ಚರಿಕೆ. ಒಂದು, ಹೆಸರು ಮತ್ತು ತಯಾರಿಕೆಯ ವಿವರ ಇಲ್ಲದ ಪುಡಿ ಬೇಡ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರಾಟಕ್ಕಿದ್ದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಮನೆಯಲ್ಲೇ ಕುಟ್ಟಿದ ಒಣಶುಂಠಿ ಇದಕ್ಕಿಂತ ನೆಮ್ಮದಿ.

ಎರಡು, ಆಯಾ ದೇಶದ ಕಾನೂನು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ಹಸಿ ಶುಂಠಿ, ಬೀಜ, ಬೇರು, ಎಲ್ಲವನ್ನೂ ಇಳಿಯುವಾಗ ಘೋಷಿಸಬೇಕು. ಇಲ್ಲದಿದ್ದರೆ ದಂಡ. ದುಬೈಯಿಂದ ಅಥವಾ ಸಿಂಗಾಪುರದಿಂದ ಕ್ರೂಸ್ ಹಡಗು ಹತ್ತುವವರು ಚೀಲದಲ್ಲಿ ಗಸಗಸೆ ಇಲ್ಲ ಅಂತ ಎರಡು ಸಲ ನೋಡಿಕೊಳ್ಳಿ. ನಮಗೆ ಅದು ಪಾಯಸದ ಸಾಮಾನು, ಅಲ್ಲಿ ಅದು ನಿಷೇಧಿತ ವಸ್ತು. ಅಜ್ಜಿ ಕೊಟ್ಟ ಕಷಾಯ ಪುಡಿಯಲ್ಲಿ ಏನೇನಿದೆ ಅಂತ ಅಜ್ಜಿಯನ್ನೇ ಕೇಳಿ.

ಸರಿ, ಏನೂ ನುಂಗದೆ ತಡೆಯುವುದು ಹೇಗೆ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ದುಡ್ಡಿಲ್ಲದ, ಅಡ್ಡಪರಿಣಾಮ ಇಲ್ಲದ ಮದ್ದು ಇಲ್ಲಿದೆ.

ಜಾಗ ನೋಡಿ ಕೂರಿ. ಬೋಟು ಏತದ ಹಾಗೆ ಓಲಾಡುತ್ತದೆ. ಏತದ ತುದಿಗಳು ಎಷ್ಟು ಏರಿಳಿಯುತ್ತವೆ, ನಡುಭಾಗ ಎಷ್ಟು ಏರಿಳಿಯುತ್ತದೆ ಗೊತ್ತಲ್ಲ. ನಡುವೆ ಕೂರಿ, ಕೆಳಗಿನ ಅಂತಸ್ತಿನಲ್ಲಿ ಕೂರಿ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಎಲ್ಲರೂ ಮೂತಿಯ ಕಡೆ ಓಡುತ್ತಾರೆ, ಅತಿ ಹೆಚ್ಚು ಎತ್ತಿ ಒಗೆಯುವುದು ಅಲ್ಲೇ. ಹಿಂಭಾಗದಲ್ಲಿ ಎಂಜಿನ್ ಹೊಗೆ. ಹಡಗಿನಲ್ಲಿ ಬರ್ತ್ ಆರಿಸುವ ಅವಕಾಶ ಇದ್ದರೆ ನಡುಭಾಗದ, ಕೆಳಗಿನದ್ದನ್ನು ಕೇಳಿ.

ಬೋಟು ಹೋಗುವ ದಿಕ್ಕಿಗೇ ಮುಖ ಇರಲಿ. ಕಡಲು ಮತ್ತು ಬಾನು ಸೇರುವ ಗೆರೆಯನ್ನು ನೋಡಿ. ಆ ಗೆರೆ ಅಲುಗುವುದಿಲ್ಲ. ಅದನ್ನು ನೋಡುತ್ತಿದ್ದರೆ ಬೋಟು ಏಳುವುದು, ಬೀಳುವುದು ಕಣ್ಣಿಗೂ ತಿಳಿಯುತ್ತದೆ. ಕಿವಿ ಹೇಳುವುದು ಮತ್ತು ಕಣ್ಣು ಹೇಳುವುದು ಆಗ ಒಂದೇ ಆಗುತ್ತದೆ. ಪಕ್ಕದ ತೆರೆಗಳನ್ನು ನೋಡಬೇಡಿ, ಮೊಬೈಲ್ ನೋಡಬೇಡಿ. ಬೈನಾಕ್ಯುಲರ್, ಕ್ಯಾಮೆರಾದ ಪರದೆ ಕೂಡ ಬೇಡ. ಒಂದು ಸಂದೇಶ ಟೈಪ್ ಮಾಡುವಷ್ಟರಲ್ಲಿ ಶುರುವಾದವರಿದ್ದಾರೆ.

ಅಂಡಮಾನಿನಲ್ಲಿ ಶ್ರೀ ವಿಜಯಪುರದಿಂದ, ಹಿಂದಿನ ಹೆಸರು ಪೋರ್ಟ್ ಬ್ಲೇರ್, ಸ್ವರಾಜ್ ದ್ವೀಪಕ್ಕೆ ಹೋಗುವ ವೇಗದ ಫೆರ್ರಿಗಳಲ್ಲಿ ಹೆಚ್ಚಿನ ಹೊತ್ತು ಮುಚ್ಚಿದ ಎಸಿ ಕೋಣೆಯಲ್ಲೇ ಕೂರಬೇಕಾಗುತ್ತದೆ. ಅಲ್ಲಿ ಗೆರೆ ಕಾಣದಿದ್ದರೆ ಕಣ್ಣು ಮುಚ್ಚಿ, ತಲೆಯನ್ನು ಸೀಟಿಗೆ ಒತ್ತಿ ಅಲುಗದಂತೆ ಇಡಿ. ಸಾಧ್ಯವಿದ್ದರೆ ಮಲಗಿ. ಕಣ್ಣು ಮುಚ್ಚಿದರೆ ಜಗಳಕ್ಕೆ ಬರುವ ಇಬ್ಬರಲ್ಲಿ ಒಬ್ಬರು ಸುಮ್ಮನಾಗುತ್ತಾರೆ.

ಬೆಳಗಿನ ಹೊತ್ತು ಸಾಮಾನ್ಯವಾಗಿ ಗಾಳಿ ಕಡಿಮೆ. ಎರಡು ಬೋಟುಗಳಲ್ಲಿ ಒಂದನ್ನು ಆರಿಸಬಹುದಾದರೆ ಬೆಳಗಿನದ್ದನ್ನೇ ಆರಿಸಿ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಪ್ರವಾಸಿ ಬೋಟು ನಿಲ್ಲಿಸುತ್ತಾರೆ. ಆಗ ಯಾರಾದರೂ ಗುಟ್ಟಾಗಿ ಕರೆದೊಯ್ಯುತ್ತೇನೆ ಅಂದರೆ ಹೋಗಬೇಡಿ. ಅದು ವಾಂತಿಯ ವಿಷಯವಲ್ಲ, ಜೀವದ ವಿಷಯ.

ಹತ್ತುವ ಮುಂಚೆ ಏನು ತಿನ್ನಬೇಕು? ಉಪವಾಸ ಇದ್ದರೆ ವಾಸಿನಾ?

ಉಪವಾಸ ಬೇಡ. ಬರೀ ಹೊಟ್ಟೆಯಲ್ಲಿ ವಾಕರಿಕೆ ಜಾಸ್ತಿ, ವಾಂತಿಯಾದರೆ ಹಳದಿ ಪಿತ್ತ ಬಂದು ಗಂಟಲು ಉರಿಯುತ್ತದೆ. ಒಂದೂವರೆ ಎರಡು ಗಂಟೆ ಮುಂಚೆ ಎರಡು ಇಡ್ಲಿ, ಇಲ್ಲವೇ ಕುಚ್ಚಲಕ್ಕಿ ಗಂಜಿ, ಬಾಳೆಹಣ್ಣು. ಗೋಳಿಬಜೆ, ಮೀನು ಫ್ರೈ ವಾಪಸ್ ಬಂದ ಮೇಲೆ ತಿನ್ನಿ. ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಡಾರ್ವಿನ್ ಬೀಗಲ್ ಹಡಗಿನಲ್ಲಿ ಒಣದ್ರಾಕ್ಷಿ ಮಾತ್ರ ತನ್ನ ಹೊಟ್ಟೆಗೆ ಹಿಡಿಸುತ್ತದೆ ಅಂತ ಬರೆದಿದ್ದರು. ನಿಮ್ಮ ಹೊಟ್ಟೆಗೆ ಏನು ಹಿಡಿಸುತ್ತದೋ ಅದನ್ನು ಚೂರು ಇಟ್ಟುಕೊಳ್ಳಿ.

ವಾಂತಿ ಆಗಿಯೇ ಹೋಯಿತು. ಈಗ?

ತಡೆಯಬೇಡಿ. ಚೀಲ ಹಿಡಿಯಿರಿ. ಬೋಟಿನ ಅಂಚಿಗೆ ಓಡಿ ಬಗ್ಗಬೇಡಿ, ತಲೆ ಸುತ್ತುವಾಗ ಅಲೆ ಬಡಿದರೆ ನೀರಿಗೆ ಬೀಳುತ್ತೀರಿ. ಲೈಫ್ ಜಾಕೆಟ್ ಸೆಖೆ ಅಂತ ಬಿಚ್ಚಬೇಡಿ. ಬಾಯಿ ಮುಕ್ಕಳಿಸಿ, ಹತ್ತು ನಿಮಿಷ ಬಿಟ್ಟು ಒಂದೊಂದೇ ಗುಟುಕು ಓಆರ್‌ಎಸ್ ಕುಡಿಯಿರಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ ಅಳೆದು. ಎಳನೀರು ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ತೊಂದರೆ ಇರುವವರಿಗೆ ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ತಿಂದದ್ದು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಶುಗರ್ ದಿಢೀರ್ ಇಳಿಯಬಹುದು. ಜೊತೆಗಿರುವವರಿಗೆ ಮುಂಚೆಯೇ ಹೇಳಿಟ್ಟಿರಿ.

ದಡಕ್ಕೆ ಬಂದ ಮೇಲೂ ವಾಂತಿ ನಿಲ್ಲದಿದ್ದರೆ, ಅದರಲ್ಲಿ ರಕ್ತ ಕಂಡರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ, ಜ್ವರ ಅಥವಾ ಜೋರು ಹೊಟ್ಟೆನೋವು ಇದ್ದರೆ ಡಾಕ್ಟರ ಹತ್ತಿರ ಹೋಗಿ. ಎದೆನೋವು, ಒಂದು ಕೈಯಲ್ಲಿ ಬಲ ಇಲ್ಲದಿರುವುದು, ಮಾತು ತೊದಲುವುದು ಕಂಡರೆ ಅದನ್ನು ಕಡಲ ವಾಂತಿ ಅಂದುಕೊಂಡು ಕೂರಲೇಬೇಡಿ.

ಮಕ್ಕಳಿಗೆ ಏನು ಕೊಡಬಹುದು?

ಮೊದಲು ಹೊರಗಿನ ಗೆರೆ ಕಾಣುವ ಹಾಗೆ ಎತ್ತರಕ್ಕೆ ಕೂರಿಸಿ. ಪುಟ್ಟ ಮಕ್ಕಳಿಗೆ ಎದುರಿನ ಹಲಗೆ ಬಿಟ್ಟರೆ ಏನೂ ಕಾಣುವುದಿಲ್ಲ, ಅರ್ಧ ತೊಂದರೆ ಅದರಿಂದಲೇ. ಹಾಡು ಹೇಳಿಸಿ, ದೂರದ ದೋಣಿ ಎಣಿಸಲು ಹೇಳಿ. ದೊಡ್ಡ ಮಕ್ಕಳಿಗೆ ತೆಳ್ಳಗಿನ ಶುಂಠಿ ನೀರು ಎರಡು ಗುಟುಕು ಸಾಕು. ದೊಡ್ಡವರ ಪ್ರಮಾಣದ ಪುಡಿ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಯಾವ ಮದ್ದಿನ ಜೊತೆಗೂ ಜೇನುತುಪ್ಪ ನೆಕ್ಕಿಸಬೇಡಿ.

ಬಸುರಿಯರು?

ಶುಂಠಿ ದಿನಕ್ಕೆ ಒಂದು ಗ್ರಾಂ ಒಳಗೆ ಸಾಮಾನ್ಯವಾಗಿ ಸುರಕ್ಷಿತ ಅನ್ನುತ್ತಾರೆ. ಆದರೂ ನಿಮ್ಮನ್ನು ನೋಡುವ ಡಾಕ್ಟರಿಗೆ ಹೇಳಿಯೇ ತೆಗೆದುಕೊಳ್ಳಿ. ಬೇರೆ ಮೂಲಿಕೆ ಪುಡಿಗಳು ಬೇಡ. ಅಬ್ಬರದ ಕಡಲಿದ್ದರೆ ಬೋಟನ್ನೇ ಮುಂದೂಡಿ.

ಮಾತ್ರೆಯನ್ನೂ ಮನೆಮದ್ದನ್ನೂ ಸೇರಿಸಬಹುದಾ?

ನಿಂಬೆ, ಮಣಿಕಟ್ಟಿನ ಪಟ್ಟಿ, ಜಾಗ ನೋಡಿ ಕೂರುವುದು ಯಾವ ಮಾತ್ರೆಯ ಜೊತೆಗೂ ಆಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕೇಳುವ ಹೆಸರುಗಳು ಪ್ರೊಮೆಥಜೈನ್, ಸಿನ್ನರಿಜೈನ್. ಎರಡೂ ನಿದ್ದೆ ತರುತ್ತವೆ. ತಿಂದ ಮೇಲೆ ಗಾಡಿ ಓಡಿಸಬಾರದು, ಮದ್ಯ ಮುಟ್ಟಬಾರದು. ನಿದ್ದೆ ಬರಿಸುವ ಬೇರೆ ಕಷಾಯ, ಅಶ್ವಗಂಧ ಇವುಗಳ ಜೊತೆ ಸೇರಿಸಬೇಡಿ. ಪ್ರೊಮೆಥಜೈನ್ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ವಾಂತಿಗೆ ಅಂತ ಮನೆಯಲ್ಲಿಟ್ಟಿರುವ ಓಂಡಾನ್ಸೆಟ್ರಾನ್ ಮಾತ್ರೆ ಕಡಲ ವಾಂತಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಅದನ್ನು ನಂಬಿ ಹೊರಟು ಪೇಚಾಡಿದವರು ನಮ್ಮ ಮನೆಯಲ್ಲೇ ಇದ್ದಾರೆ.

ನೇತ್ರಾಣಿಯಲ್ಲಿ ಸ್ಕೂಬಾ ಡೈವ್ ಮಾಡಬೇಕು. ಏನು ಎಚ್ಚರ ವಹಿಸಲಿ?

ಮುರುಡೇಶ್ವರದಿಂದ ಬೋಟಿನಲ್ಲಿ ಸಾಕಷ್ಟು ಹೊತ್ತು ಹೋಗಬೇಕು. ಅದಕ್ಕಿಂತ ಕಷ್ಟ ಲಂಗರು ಹಾಕಿ ನಿಂತಾಗ. ಓಡುವ ಬೋಟಿಗಿಂತ ನಿಂತ ಬೋಟು ಜಾಸ್ತಿ ತೂಗುತ್ತದೆ. ನಿದ್ದೆ ಬರಿಸುವ ಮಾತ್ರೆ ತಿಂದು ನೀರೊಳಗೆ ಇಳಿಯುವುದು ಅಪಾಯ, ಡಾಕ್ಟರನ್ನು ಕೇಳದೆ ಬೇಡ. ಶುಂಠಿ ಇಲ್ಲಿ ಅನುಕೂಲ. ಯಾವ ಮದ್ದು ತಿಂದಿದ್ದೀರಿ, ಹೇಗನ್ನಿಸುತ್ತಿದೆ ಅಂತ ಡೈವ್ ಮಾಡಿಸುವವರಿಗೆ ಮುಚ್ಚಿಡದೆ ಹೇಳಿ. ದುಡ್ಡು ಹೋಗುತ್ತದೆ ಅಂತ ವಾಂತಿ ಮಾಡುತ್ತಲೇ ಇಳಿಯಬೇಡಿ.

ಮೀನು ಹಿಡಿಯುವವರಿಗೆ ಯಾಕೆ ಬರುವುದಿಲ್ಲ?

ಬರುತ್ತದೆ, ಮೊದಮೊದಲು. ಸತತ ಕಡಲ ಮೇಲೆ ಇದ್ದರೆ ಹೆಚ್ಚಿನವರ ಮೆದುಳು ಎರಡು ಮೂರು ದಿನಕ್ಕೆ ಒಗ್ಗಿಕೊಳ್ಳುತ್ತದೆ. ಕರ್ನಾಟಕದಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಅಷ್ಟು ದಿನ ನೆಲದಲ್ಲಿದ್ದು ಆಗಸ್ಟಿನಲ್ಲಿ ಹೊರಟಾಗ ಹಳಬರಿಗೂ ಮೊದಲ ದಿನ ತಲೆ ಭಾರ ಅನ್ನಿಸುವುದುಂಟು.

ದಡಕ್ಕೆ ಬಂದ ಮೇಲೂ ನೆಲ ತೂಗಿದ ಹಾಗೆ ಅನಿಸುತ್ತದೆ. ಹೆದರಬೇಕಾ?

ಬೇಡ. ಅಲೆಗೆ ಒಗ್ಗಿದ ಮೆದುಳಿಗೆ ಈಗ ಮತ್ತೆ ನೆಲಕ್ಕೆ ಒಗ್ಗಬೇಕಾಗಿದೆ. ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಕಣ್ಣು ಮುಚ್ಚಿದಾಗ ಜಾಸ್ತಿ ತೂಗುತ್ತದೆ, ಆದ್ದರಿಂದ ಸ್ನಾನ ಮಾಡುವಾಗ ಮುಖಕ್ಕೆ ಸೋಪು ಹಚ್ಚಿ ನಿಲ್ಲಬೇಡಿ, ಕೂತು ಮಾಡಿ. ಇದಕ್ಕೆ ಶುಂಠಿಯೂ ಬೇಡ, ಮಾತ್ರೆಯೂ ಬೇಡ. ಸ್ವಲ್ಪ ದೂರ ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ. ವಾರಗಟ್ಟಲೆ ಉಳಿದರೆ ಕಿವಿ ಮೂಗು ಗಂಟಲು ತಜ್ಞರನ್ನು ನೋಡಿ. ಆ ದಿನ ಮಲ್ಪೆಯಿಂದ ಮನೆಗೆ ಸ್ಕೂಟರ್ ಬೇರೆಯವರು ಓಡಿಸಲಿ.